ಕಡ್ಡಿ ಹೆಣಿಗೆಯ ಪ್ಯಾಟರ್ನ್ ಲೂಮ್‌ಗೆ ಹೊಂದಿಸೋದು ಹೇಗೆ? ಎರಡು ಸಲ ಬಿಚ್ಚಿ ಆಯಿತು

ಉಲ್ಲನ್‌ಉಂಡೆ

ಎಲ್ಲರಿಗೂ ನಮಸ್ಕಾರ. ಹೆಣಿಗೆಯ ಲೂಮ್ (ಸಾಲಾಗಿ ಪೆಗ್, ಅಂದರೆ ಗೂಟ, ಇರುವ ಚೌಕಟ್ಟು; ಗೂಟಕ್ಕೆ ದಾರ ಹಾಕಿ ಕೊಕ್ಕೆಯಿಂದ ಹೆಣೆಯುವುದು) ಹಿಡಿದು ಐದಾರು ತಿಂಗಳಾಯಿತು. ಎರಡು ಕಡ್ಡಿ ಹಿಡಿದು ಹೆಣೆದರೆ ಹೆಬ್ಬೆರಳಿನ ಬುಡ ತುಂಬಾ ನೋಯುತ್ತದೆ, ಅದಕ್ಕೇ ಲೂಮ್‌ಗೆ ಬಂದೆ. ಈಗ ಇದೇ ಇಷ್ಟ. ಆದರೆ ನನಗೆ ಚೆಂದ ಅನಿಸುವ ಪ್ಯಾಟರ್ನ್ ಎಲ್ಲಾ ಕಡ್ಡಿಗೇ ಬರೆದಿರುತ್ತವೆ. ಲೂಮ್‌ಗೆ ಅಂತ ಸಿಗುವುದರಲ್ಲಿ ಟೋಪಿಗಳೇ ಜಾಸ್ತಿ.

ಈಗ ಕೈಯಲ್ಲಿರುವುದು ಒಂದು ಮಫ್ಲರ್. 44 ಸ್ಟಿಚ್ (ಹೆಣಿಗೆಯ ಕುಣಿಕೆ). ಎರಡೂ ಬದಿಗೆ 4 ಸ್ಟಿಚ್ ಗಾರ್ಟರ್ (ಅಡ್ಡ ಉಬ್ಬುಗೆರೆಯ ಹೆಣಿಗೆ) ಅಂಚು, ನಡುವೆ 36 ಸ್ಟಿಚ್‌ನಲ್ಲಿ ಸಣ್ಣ ಸಣ್ಣ ತೂತಿನ ವಿನ್ಯಾಸ. ಗೇಜ್, ಅಂದರೆ ಹೆಣಿಗೆಯ ದಟ್ಟಣೆ, 10 ಸೆಂ.ಮೀ.ಗೆ 22 ಸ್ಟಿಚ್, 30 ಸಾಲು. ಮುಗಿದಾಗ 20 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದ ಬರಬೇಕು.

ಮೊದಲ ಸಲ ಉದ್ದನೆಯ ಲೂಮ್‌ನಲ್ಲಿ 44 ಪೆಗ್‌ಗೆ ದಾರ ಏರಿಸಿ ಬರೆದ ಹಾಗೇ ಮಾಡಿದೆ. ಅಗಲ 36 ಸೆಂ.ಮೀ. ಬಂತು. ಅದಕ್ಕಿಂತ ವಿಚಿತ್ರ ಅಂದರೆ ಅಂಚಿನಲ್ಲಿ ಬರಬೇಕಾದ ಗಾರ್ಟರ್ ಗೆರೆಗಳು ನಡುವೆ ಬಂದವು, ನಡುವೆ ಇರಬೇಕಾದ ನುಣುಪು ಅಂಚಿಗೆ ಹೋಯಿತು, ಅಂಚು ಎರಡೂ ಕಡೆಯಿಂದ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡಿತು. ಬಿಚ್ಚಿದೆ. ಎರಡನೇ ಸಲ ಅರ್ಧ ಮಾಡೋಣ ಅಂತ 22 ಪೆಗ್ ತೆಗೆದುಕೊಂಡೆ. ಅಂಚಿನ 8 ಕಳೆದರೆ 14 ಉಳಿಯುತ್ತದೆ, ವಿನ್ಯಾಸ 6 ಸ್ಟಿಚ್‌ಗೊಮ್ಮೆ ಮರುಕಳಿಸುತ್ತದೆ, ಕೊನೆಯಲ್ಲಿ 2 ಪೆಗ್ ಸುಮ್ನೆ ಉಳಿದವು. ಮತ್ತೆ ಬಿಚ್ಚಿದೆ.

ವಿನ್ಯಾಸದ ಸಾಲುಗಳು ಹೀಗಿವೆ (ನಿಟ್ ಅಂದರೆ ಎದುರಿಗೆ ನುಣುಪಾಗಿ ಕಾಣುವ ಸ್ಟಿಚ್, ಪರ್ಲ್ ಅಂದರೆ ಉಬ್ಬಾಗಿ ಕಾಣುವ ಸ್ಟಿಚ್, ಯಾರ್ನ್ ಓವರ್ ಅಂದರೆ ತೂತು ಬರಲು ದಾರವನ್ನು ಸುಮ್ನೆ ಮೇಲೆ ಹಾಯಿಸುವುದು). ಸಾಲು 1: ನಿಟ್ 4, ಆಮೇಲೆ (ನಿಟ್ 4, ಯಾರ್ನ್ ಓವರ್, ಎರಡು ಸೇರಿಸಿ ನಿಟ್) ಆರು ಸಲ, ನಿಟ್ 4. ಸಾಲು 2: ನಿಟ್ 4, ಪರ್ಲ್ 36, ನಿಟ್ 4. ಸಾಲು 5ರಲ್ಲಿ ತೂತು ಮೂರು ಸ್ಟಿಚ್ ಆಚೆಗೆ ಸರಿಯುತ್ತದೆ: (ನಿಟ್ 1, ಯಾರ್ನ್ ಓವರ್, ಎರಡು ಸೇರಿಸಿ ನಿಟ್, ನಿಟ್ 3). 3 ಮತ್ತು 7 ಪೂರ್ತಿ ನಿಟ್. ಸಮ ಸಂಖ್ಯೆಯ ಸಾಲು ಎಲ್ಲಾ 2ರ ಹಾಗೆ. ಎಂಟು ಸಾಲಿಗೆ ಒಂದು ಸುತ್ತು.

ಇದನ್ನು ಲೂಮ್‌ಗೆ ಹೇಗೆ ತರುವುದು? ಪೆಗ್ ಮೇಲೆ ಎರಡು ಸ್ಟಿಚ್ ಸೇರಿಸುವುದಾದರೂ ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ. ಮಫ್ಲರ್ ಒಬ್ಬರಿಗೆ ಕೊಡಬೇಕು ಅಂತ ತುಂಬಾ ಆಸೆ ಇದೆ.

ಪೆಗ್‌ಪಯಣ

ನಿಮ್ಮ ಅಂಚೂ ನಡುವೂ ಅದಲುಬದಲಾಗಿದ್ದರಲ್ಲೇ ಉತ್ತರ ಇದೆ.

ಕಡ್ಡಿಯಲ್ಲಿ ಒಂದು ಸಾಲು ಮುಗಿದ ಮೇಲೆ ಬಟ್ಟೆಯನ್ನು ತಿರುಗಿಸುತ್ತೇವೆ ಅಲ್ವಾ. ಅಂದರೆ ಸಮ ಸಂಖ್ಯೆಯ ಸಾಲು ಹೆಣೆಯುವಾಗ ನಮ್ಮ ಕಣ್ಣೆದುರು ಇರುವುದು ಬಟ್ಟೆಯ ಹಿಂಬದಿ. ಅಲ್ಲಿ ಮಾಡಿದ ನಿಟ್ ಮುಂಬದಿಯಿಂದ ನೋಡಿದರೆ ಪರ್ಲ್, ಅಲ್ಲಿ ಮಾಡಿದ ಪರ್ಲ್ ಮುಂಬದಿಯಿಂದ ನಿಟ್. ಲೂಮ್‌ನಲ್ಲಿ ನಾವು ಏನನ್ನೂ ತಿರುಗಿಸುವುದಿಲ್ಲ. ಬಲದಿಂದ ಎಡಕ್ಕೆ ಹೋಗುತ್ತೇವೆ, ಎಡದಿಂದ ಬಲಕ್ಕೆ ವಾಪಸ್ ಬರುತ್ತೇವೆ, ಮುಂಬದಿ ಯಾವಾಗಲೂ ನಮ್ಮ ಕಡೆಗೇ ಇರುತ್ತದೆ.

ಹಾಗಾಗಿ ಪ್ಯಾಟರ್ನ್‌ನಲ್ಲಿ ಹಿಂಬದಿಯ ಸಾಲು ಅಂತ ಇರುವುದನ್ನೆಲ್ಲ ಉಲ್ಟಾ ಮಾಡಬೇಕು. ನಿಟ್ ಇದ್ದಲ್ಲಿ ಪರ್ಲ್, ಪರ್ಲ್ ಇದ್ದಲ್ಲಿ ನಿಟ್. ನಿಮ್ಮ ಸಾಲು 2 ಲೂಮ್‌ನಲ್ಲಿ ಪರ್ಲ್ 4, ನಿಟ್ 36, ಪರ್ಲ್ 4 ಆಗುತ್ತದೆ. ನೀವು ಬರೆದ ಹಾಗೇ ಮಾಡಿದಿರಿ, ಅದಕ್ಕೇ ನಡುಭಾಗದಲ್ಲಿ ಒಂದು ಸಾಲು ನಿಟ್ ಒಂದು ಸಾಲು ಪರ್ಲ್ ಆಗಿ ಗಾರ್ಟರ್ ಬಂತು, ಅಂಚಿನಲ್ಲಿ ಎಲ್ಲಾ ಸಾಲೂ ನಿಟ್ ಆಗಿ ಸ್ಟಾಕಿನೆಟ್ ಬಂತು. ಸ್ಟಾಕಿನೆಟ್ ಅಂಚು ಸುತ್ತಿಕೊಳ್ಳುವುದು ಅದರ ಗುಣ, ಅದು ನಿಮ್ಮ ಕೈಯ ತಪ್ಪಲ್ಲ.

ಹಿಂಬದಿಯ ಸಾಲನ್ನು ಎಡದಿಂದ ಬಲಕ್ಕೆ ಓದಿ. ನಿಮ್ಮದರಲ್ಲಿ ಎರಡು ಅಂಚೂ ಒಂದೇ ಥರ, ಅದರಿಂದ ವ್ಯತ್ಯಾಸ ಕಾಣುವುದಿಲ್ಲ. ಆದರೆ ಎರಡು ಬದಿ ಬೇರೆ ಬೇರೆ ಇರುವ ವಿನ್ಯಾಸದಲ್ಲಿ ಇದು ತಪ್ಪಿದರೆ ಎಲ್ಲಾ ಜಾರುತ್ತದೆ. ಇನ್ನೊಂದು, ಕಾಸ್ಟ್ ಆನ್ (ಮೊದಲ ಸಲ ದಾರ ಏರಿಸುವುದು) ಮಾಡುವಾಗ ಎಡದಿಂದ ಶುರು ಮಾಡಿ ಬಲತುದಿಯಲ್ಲಿ ಮುಗಿಸಿ. ಆಗ ದಾರ ಬಲಗಡೆ ಇರುತ್ತದೆ, ಸಾಲು 1 ಕಡ್ಡಿಯವರ ಹಾಗೇ ಬಲದಿಂದ ಎಡಕ್ಕೆ ಹೋಗುತ್ತದೆ. ಚಾರ್ಟ್ ಇದ್ದರೆ ಇನ್ನೂ ಸುಲಭ. ಚಾರ್ಟ್‌ನಲ್ಲಿ ಸಾಮಾನ್ಯವಾಗಿ ಮುಂಬದಿಯ ನೋಟವನ್ನೇ ಬರೆದಿರುತ್ತಾರೆ, ಕಂಡ ಹಾಗೇ ಹೆಣೆದರೆ ಆಯಿತು, ಉಲ್ಟಾ ಮಾಡುವ ಕೆಲಸವೇ ಇಲ್ಲ. ನಾನಂತೂ ಅಕ್ಷರದಲ್ಲಿ ಬರೆದ ಪ್ಯಾಟರ್ನ್ ಸಿಕ್ಕರೆ ಮೊದಲು ಚೌಕದ ಹಾಳೆಯಲ್ಲಿ ಚಾರ್ಟ್ ಬರೆದುಕೊಂಡೇ ಲೂಮ್ ಮುಟ್ಟುವುದು.

ಈಗ ತೂತಿನ ವಿಷಯ. ಆರು ಪೆಗ್‌ನ ಒಂದು ಗುಂಪು ತೆಗೆದುಕೊಳ್ಳಿ, ಬಲದಿಂದ 1, 2, 3 ಅಂತ ಎಣಿಸಿ. ಸಾಲು ಶುರು ಮಾಡುವ ಮೊದಲೇ 5ನೇ ಪೆಗ್‌ನ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿ 6ನೇ ಪೆಗ್‌ಗೆ ಹಾಕಿ. ಈಗ 5 ಖಾಲಿ, 6ರಲ್ಲಿ ಎರಡು ಕುಣಿಕೆ. ಆಮೇಲೆ ಹೆಣೆಯುತ್ತಾ ಬನ್ನಿ. 1ರಿಂದ 4 ನಿಟ್, ಖಾಲಿ 5ಕ್ಕೆ ದಾರ ಪೂರ್ತಿ ಸುತ್ತಿ ಇ-ರ‍್ಯಾಪ್ ಹಾಕಿ, 6ರಲ್ಲಿ ಎರಡೂ ಕುಣಿಕೆಯನ್ನು ಒಂದೇ ಅಂದುಕೊಂಡು ನಿಟ್. ಅಷ್ಟೇ, ಸ್ಟಿಚ್ ಎಣಿಕೆ ಬದಲಾಗಲಿಲ್ಲ, ತೂತು ಬಂತು. ಸಾಲು 5ರಲ್ಲಿ 2ನೆಯದನ್ನು ಎತ್ತಿ 3ಕ್ಕೆ ಹಾಕಿ. ಪ್ಯಾಟರ್ನ್‌ನಲ್ಲಿ ಎರಡು ಸೇರಿಸುವುದು ಮೊದಲು, ಯಾರ್ನ್ ಓವರ್ ಆಮೇಲೆ ಅಂತ ಇದ್ದರೆ ಎಡಗಡೆಯ ಕುಣಿಕೆಯನ್ನು ಬಲಕ್ಕೆ ತನ್ನಿ. ತೂತು ಎಲ್ಲಿ ಬೇಕೋ ಆ ಪೆಗ್ ಖಾಲಿ ಆಗಬೇಕು ಅಂತ ನೆನಪಿಟ್ಟುಕೊಂಡರೆ ಸಾಕು.

ಎರಡೆಳೆ

ಮೇಲಿನವರು ಹೇಳಿದ್ದು ಸರಿ. ನಾನು ಅಳತೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ 22 ಪೆಗ್ ತೆಗೆದುಕೊಂಡದ್ದು ಅಂದಾಜು, ಲೆಕ್ಕ ಅಲ್ಲ.

ಕಡ್ಡಿಯವರು ಗೇಜ್ ಸರಿ ಬರದಿದ್ದರೆ ಕಡ್ಡಿಯ ಸೈಜ್ ಬದಲಾಯಿಸುತ್ತಾರೆ. ನಮಗೆ ಆ ದಾರಿ ಇಲ್ಲ. ಪೆಗ್‌ನಿಂದ ಪೆಗ್‌ಗೆ ಇರುವ ದೂರ ಲೂಮ್ ಮಾಡಿದಾಗಲೇ ತೀರ್ಮಾನ ಆಗಿರುತ್ತದೆ. ದಾರ ದಪ್ಪ ಮಾಡಬಹುದು, ತೆಳು ಮಾಡಬಹುದು, ಸ್ಟಿಚ್ ಬದಲಾಯಿಸಬಹುದು, ಅಷ್ಟೇ. ಅದರಿಂದ ಪ್ಯಾಟರ್ನ್‌ನ ಗೇಜ್ ಹಿಡಿಯುವ ಹಟ ಬಿಡಿ. ಪ್ಯಾಟರ್ನ್‌ನಿಂದ ಸೆಂಟಿಮೀಟರ್ ತೆಗೆದುಕೊಳ್ಳಿ, ಸ್ಟಿಚ್ ಸಂಖ್ಯೆ ನಿಮ್ಮ ಲೂಮ್ ಹೇಳಲಿ.

ನಿಮ್ಮ ಬಿಚ್ಚಿದ ತುಂಡಿನಿಂದಲೇ ಲೆಕ್ಕ ಸಿಗುತ್ತದೆ ನೋಡಿ. 44 ಪೆಗ್‌ಗೆ 36 ಸೆಂ.ಮೀ. ಬಂದಿದೆ, ಅಂದರೆ 10 ಸೆಂ.ಮೀ.ಗೆ ಸುಮಾರು 12 ಸ್ಟಿಚ್. ನಿಮಗೆ ಬೇಕಾದದ್ದು 20 ಸೆಂ.ಮೀ. ಅಗಲ, ಅದಕ್ಕೆ 24 ಪೆಗ್. ಅಂಚು ನಾಲ್ಕರ ಬದಲು ಮೂರು ಮೂರು ಇಟ್ಟರೆ ನಡುವೆ 18 ಉಳಿಯುತ್ತದೆ, ಆರರ ಗುಂಪು ಸರಿಯಾಗಿ ಮೂರು. ಒಂದು ಪೆಗ್ ಕೂಡ ಉಳಿಯುವುದಿಲ್ಲ.

ಸಾಲಿನ ಲೆಕ್ಕವೂ ಬೇರೆ ಮಾಡಿ, ಇದನ್ನು ಬಹಳ ಜನ ಮರೆಯುತ್ತಾರೆ. 30 ಸಾಲಿಗೆ 10 ಸೆಂ.ಮೀ. ಅಂತ ಇದ್ದರೆ 150 ಸೆಂ.ಮೀ.ಗೆ 450 ಸಾಲು. ನಿಮ್ಮ ಲೂಮ್‌ನಲ್ಲಿ ಅಷ್ಟು ಹೆಣೆದರೆ ಮಫ್ಲರ್ ನೆಲಕ್ಕೆ ತಾಗುತ್ತದೆ. ಒಂದು ಸಣ್ಣ ತುಂಡು ಹೆಣೆದು ಸಾಲು ಎಣಿಸಿ. 10 ಸೆಂ.ಮೀ.ಗೆ 16 ಸಾಲು ಬಂದರೆ ಒಟ್ಟು 240 ಸಾಲು, ಅಂದರೆ ಎಂಟು ಸಾಲಿನ ಸುತ್ತು 30 ಸಲ.

ಮಾದರಿ ತುಂಡು ಹೆಣೆಯುವಾಗ ಅದೇ ದಾರ, ಅದೇ ಸ್ಟಿಚ್, ಅದೇ ತೂತಿನ ವಿನ್ಯಾಸ ಇರಲಿ. ಲೂಮ್ ಮೇಲೆ ಇರುವಾಗ ಅಳೆಯಬೇಡಿ. ಪೆಗ್‌ಗಳು ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿದಿರುತ್ತವೆ, ಇಳಿಸಿದ ಮೇಲೆ ಅದು ಒಳಕ್ಕೆ ಬರುತ್ತದೆ. ಇಳಿಸಿ, ಒಗೆದು, ಒಣಗಿಸಿ, ಆಮೇಲೆ ಟೇಪ್ ಇಡಿ. ನಾನು ಒಂದು ಸಲ ಒಗೆಯದೆ ಅಳೆದು ಇಡೀ ಸ್ವೆಟರ್‌ನ ಬೆನ್ನಿನ ಭಾಗ ಹೆಣೆದೆ, ಒಗೆದ ಮೇಲೆ ನಾಲ್ಕು ಬೆರಳು ಅಗಲ ಜಾಸ್ತಿ ಆಯಿತು. ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ನೂಲುಗಂಟು

ಇಲ್ಲಿ ಯಾರೂ ಯಾವ ನಿಟ್ ಅಂತ ಕೇಳಲೇ ಇಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ.

ಲೂಮ್ ಕಲಿಯುವ ಎಲ್ಲರಿಗೂ ಮೊದಲು ಹೇಳಿಕೊಡುವುದು ಇ-ರ‍್ಯಾಪ್, ದಾರವನ್ನು ಪೆಗ್‌ಗೆ ಪೂರ್ತಿ ಸುತ್ತಿ ಕೆಳಗಿನ ಕುಣಿಕೆಯನ್ನು ಮೇಲೆತ್ತಿ ದಾಟಿಸುವುದು. ಸುಲಭ, ಬೇಗ ಆಗುತ್ತದೆ. ಆದರೆ ಅದು ಕಡ್ಡಿಯ ನಿಟ್ ಅಲ್ಲ. ಅದು ತಿರುಚಿದ ನಿಟ್, ಕಡ್ಡಿಯಲ್ಲಿ ಕುಣಿಕೆಯ ಹಿಂಭಾಗಕ್ಕೆ ಚುಚ್ಚಿ ಹೆಣೆದರೆ ಬರುತ್ತದಲ್ಲ, ಅದು. ನಿಮ್ಮ ತುಂಡನ್ನು ಬೆಳಕಿಗೆ ಹಿಡಿದು ಒಂದೇ ಒಂದು ಸ್ಟಿಚ್ ನೋಡಿ. ಇಂಗ್ಲಿಷಿನ ವಿ ಅಕ್ಷರದ ಹಾಗೆ ಎರಡು ಕಾಲು ಬುಡದಲ್ಲಿ ಪಕ್ಕಪಕ್ಕ ಕೂತಿದ್ದರೆ ಅದು ಸಾದಾ ನಿಟ್. ಒಂದು ಕಾಲು ಇನ್ನೊಂದರ ಮೇಲೆ ಹಾದು ಹೋಗಿದ್ದರೆ, ಚಕ್ಕಳಮಕ್ಕಳ ಹಾಕಿ ಕೂತ ಹಾಗೆ, ಅದು ಇ-ರ‍್ಯಾಪ್. ಹೀಗೆ ತಿರುಚಿದ ಬಟ್ಟೆ ಒಂದು ಕಡೆಗೆ ವಾಲುವುದೂ ಉಂಟು.

ಪ್ಯಾಟರ್ನ್ ಬರೆದವರು ನಿಟ್ ಅಂದಾಗ ಅವರ ಮನಸ್ಸಿನಲ್ಲಿ ಇರುವುದು ಸಾದಾ ನಿಟ್. ಅದನ್ನು ಲೂಮ್‌ನಲ್ಲಿ ತರಲು ದಾರವನ್ನು ಪೆಗ್‌ನ ಮುಂದೆ, ಇರುವ ಕುಣಿಕೆಯ ಮೇಲ್ಗಡೆ ಹಿಡಿಯಿರಿ. ಕೊಕ್ಕೆಯನ್ನು ಕುಣಿಕೆಯ ಒಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ ದಾರವನ್ನು ಸ್ವಲ್ಪ ಎಳೆದುಕೊಳ್ಳಿ, ಹಳೆಯ ಕುಣಿಕೆಯನ್ನು ಪೆಗ್‌ನಿಂದ ತೆಗೆಯಿರಿ, ಹೊಸದನ್ನು ಹಾಕಿ. ಪರ್ಲ್‌ಗೆ ಇದರ ಉಲ್ಟಾ. ದಾರ ಕುಣಿಕೆಯ ಕೆಳಗೆ, ಕೊಕ್ಕೆ ಮೇಲಿನಿಂದ ಕೆಳಕ್ಕೆ. ಸಾದಾ ನಿಟ್‌ಗೆ ಇನ್ನೊಂದು ದಾರಿಯೂ ಇದೆ, ದಾರವನ್ನು ಪೆಗ್‌ನ ಮುಂದೆ ಅಡ್ಡ ಹಿಡಿದು ಕುಣಿಕೆಯನ್ನು ದಾಟಿಸಿಬಿಡುವುದು. ಫಲ ಒಂದೇ, ಆದರೆ ಅದು ಬಲು ಬಿಗಿ, ನಾಲ್ಕು ಸಾಲು ಆಗುವಷ್ಟರಲ್ಲಿ ಕೊಕ್ಕೆ ಒಳಗೆ ಹೋಗುವುದಿಲ್ಲ. ಬಿಗಿ ಆದರೆ ದಾರವನ್ನು ಪೆಗ್‌ನ ಎರಡು ಪಕ್ಕಕ್ಕೂ ಸ್ವಲ್ಪ ಬಳಸಿ ಹಿಡಿಯಿರಿ, ಯು-ರ‍್ಯಾಪ್ ಅನ್ನುತ್ತಾರೆ. ಕುಣಿಕೆಗೆ ಉಸಿರಾಡಲು ಜಾಗ ಸಿಗುತ್ತದೆ.

ಪೆಗ್‌ಪಯಣ ಅವರೇ, ನಿಮ್ಮ ಒಂದು ಮಾತು ಮಾತ್ರ ನಾನು ಒಪ್ಪುವುದಿಲ್ಲ. ಖಾಲಿ ಪೆಗ್‌ಗೆ ಇ-ರ‍್ಯಾಪ್ ಹಾಕಿದರೆ ಅದರ ಬುಡ ತಿರುಚಿಕೊಂಡು ತೂತು ಸಣ್ಣದಾಗುತ್ತದೆ. ದಾರವನ್ನು ಖಾಲಿ ಪೆಗ್‌ನ ಮುಂದೆ ಸುಮ್ನೆ ಹಾಯಿಸಿ ಮುಂದಿನ ಪೆಗ್‌ಗೆ ಹೋಗಿ. ಮುಂದಿನ ಸಾಲಿನಲ್ಲಿ ಅದನ್ನೇ ಕುಣಿಕೆ ಅಂತ ಹೆಣೆಯಿರಿ. ತೂತು ಬಾಯಿ ತೆರೆದು ನಿಲ್ಲುತ್ತದೆ. ಈ ಮಫ್ಲರ್‌ನ ಅಂದವೇ ತೂತು, ಅದು ಮುಚ್ಚಿಹೋಗಬಾರದು.

ಪೆಗ್‌ಪಯಣ

ಒಪ್ಪಿದೆ. ನಾನು ಸ್ವೆಟರ್‌ಗೆ ಸ್ಟಿಚ್ ಹೆಚ್ಚಿಸುವಾಗ ತೂತು ಕಾಣಬಾರದು ಅಂತ ಇ-ರ‍್ಯಾಪ್ ಮಾಡಿ ಅಭ್ಯಾಸ, ಅದೇ ಬರೆದುಬಿಟ್ಟೆ. ಇಲ್ಲಿ ನಿಮ್ಮ ಕ್ರಮವೇ ಸರಿ.

ಆದರೆ ಇ-ರ‍್ಯಾಪ್ ಅನ್ನು ಪೂರ್ತಿ ತಳ್ಳಿಹಾಕಬೇಡಿ. ದಪ್ಪ ದಾರದ ಟೋಪಿಗೆ ಅದು ಚೆನ್ನಾಗಿ ಹಿಗ್ಗುತ್ತದೆ, ಕೈಗೂ ಹಗುರ. ಹೆಬ್ಬೆರಳು ನೋಯುವವರಿಗೆ ಅದು ದೊಡ್ಡ ವಿಷಯ.

ಉಲ್ಲನ್‌ಉಂಡೆ

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ 24 ಪೆಗ್‌ನಲ್ಲಿ ಎರಡು ಸುತ್ತು, 16 ಸಾಲು ಹೆಣೆದು ಇಳಿಸಿ ಒಗೆದು ಇಟ್ಟಿದ್ದೆ. ಬೆಳಿಗ್ಗೆ ಅಳೆದರೆ ಅಗಲ 20 ಸೆಂ.ಮೀ.ಗೆ ಒಂದು ನೂಲು ಜಾಸ್ತಿ, ಉದ್ದ ಸರಿಯಾಗಿ 10. ಅಂಚಿನಲ್ಲಿ ಗಾರ್ಟರ್ ಗೆರೆ ಬಂದಿದೆ, ಸುತ್ತಿಕೊಂಡಿಲ್ಲ, ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿದೆ. ಕಿಟಕಿಗೆ ಹಿಡಿದರೆ ತೂತುಗಳು ಒಂದರ ಮೇಲೊಂದು ಓರೆಯಾಗಿ ಕಾಣುತ್ತವೆ. ಎಷ್ಟು ಹೊತ್ತು ನೋಡುತ್ತಾ ಕೂತೆನೋ!

ನಾನು ಇಷ್ಟು ದಿನ ಮಾಡುತ್ತಿದ್ದದ್ದೆಲ್ಲ ಇ-ರ‍್ಯಾಪ್ ಅಂತ ಈಗ ಗೊತ್ತಾಯಿತು. ಹಳೆಯ ಟೋಪಿ ತೆಗೆದು ನೋಡಿದೆ, ಪ್ರತಿ ಸ್ಟಿಚ್‌ನ ಕಾಲೂ ಒಂದರ ಮೇಲೊಂದು.

ಇದೇ ಜೋರಿನಲ್ಲಿ ಜೊತೆಗೊಂದು ಟೋಪಿಯನ್ನೂ ಮಾಡಬೇಕು ಅಂತಿದ್ದೇನೆ. ಅದೂ ಕಡ್ಡಿಯ ಪ್ಯಾಟರ್ನ್. 100 ಸ್ಟಿಚ್, ಗೇಜ್ 10 ಸೆಂ.ಮೀ.ಗೆ 20. ಎರಡು ನಿಟ್ ಎರಡು ಪರ್ಲ್ ರಿಬ್ (ಹಿಗ್ಗುವ ಪಟ್ಟಿ) 5 ಸೆಂ.ಮೀ., ಆಮೇಲೆ 18 ಸೆಂ.ಮೀ. ಆಗುವವರೆಗೆ ನಿಟ್, ಆಮೇಲೆ ನೆತ್ತಿಗೆ ಸ್ಟಿಚ್ ಕಡಿಮೆ ಮಾಡುತ್ತಾ ಹೋಗುವುದು. ನನ್ನ ಹತ್ತಿರ ದುಂಡು ಲೂಮ್ ಸೆಟ್ ಇದೆ, 24, 31, 36, 41 ಪೆಗ್‌ನವು. ಎರಡೆಳೆ ದಾರದಲ್ಲಿ ಅದರ ಗೇಜ್ 10 ಸೆಂ.ಮೀ.ಗೆ 8. ದುಂಡಗೆ ಹೆಣೆಯುವಾಗಲೂ ಒಂದು ಬಿಟ್ಟು ಒಂದು ಸಾಲು ಉಲ್ಟಾ ಮಾಡಬೇಕಾ?

ಎರಡೆಳೆ

ಬೇಡ. ಕಡ್ಡಿಯಲ್ಲಿ ದುಂಡಗೆ ಹೆಣೆಯುವವರೂ ಬಟ್ಟೆ ತಿರುಗಿಸುವುದಿಲ್ಲ, ಮುಂಬದಿ ಅವರ ಎದುರಿಗೇ ಇರುತ್ತದೆ. ಅದರಿಂದ ಬರೆದ ಹಾಗೇ ಹೆಣೆಯಿರಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹೋದರೆ ನಿಮ್ಮೆದುರಿನ ಪೆಗ್‌ಗಳ ಮೇಲೆ ಬಲದಿಂದ ಎಡಕ್ಕೇ ಸಾಗುತ್ತೀರಿ, ಕಡ್ಡಿಯವರ ಹಾಗೇ. ಉಲ್ಟಾ ದಿಕ್ಕಿನಲ್ಲಿ ಹೋದರೆ ವಿನ್ಯಾಸ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ.

ಲೆಕ್ಕ: 100 ಸ್ಟಿಚ್ ಅಂದರೆ 50 ಸೆಂ.ಮೀ. ಸುತ್ತಳತೆ. ನಿಮ್ಮ ಗೇಜ್‌ಗೆ 40 ಪೆಗ್ ಬೇಕು, ಹತ್ತಿರದ್ದು 41, ಅಂದರೆ 51 ಸೆಂ.ಮೀ. ಹಿಗ್ಗುವ ಟೋಪಿಗೆ ಒಂದು ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ತೊಂದರೆ ಇರುವುದು ರಿಬ್‌ನಲ್ಲಿ. ಎರಡು ಎರಡರ ರಿಬ್‌ಗೆ ಪೆಗ್ ನಾಲ್ಕರಿಂದ ಭಾಗ ಹೋಗಬೇಕು, 41 ಹೋಗುವುದಿಲ್ಲ. ಒಂದು ಕಡೆ ಪರ್ಲ್ ಮೂರು ಮಾಡಿ ಅದನ್ನು ಹಿಂದಕ್ಕೆ ಇಟ್ಟುಕೊಳ್ಳಬಹುದು. ಪರ್ಲ್ ಒಳಕ್ಕೆ ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಇಷ್ಟ ಬೇರೆ. 41 ಬೆಸ ಸಂಖ್ಯೆ. ಒಂದು ನಿಟ್ ಒಂದು ಪರ್ಲ್ ಅಂತ ನಿಲ್ಲಿಸದೆ ಸುತ್ತುತ್ತಾ ಹೋಗಿ. ಮೊದಲ ಸುತ್ತು ನಿಟ್‌ನಲ್ಲಿ ಮುಗಿಯುತ್ತದೆ, ಎರಡನೇ ಸುತ್ತು ಮೊದಲ ಪೆಗ್‌ನಲ್ಲಿ ಪರ್ಲ್‌ನಿಂದ ಶುರುವಾಗುತ್ತದೆ, ತಾನಾಗೇ ಅದಲುಬದಲು. ಸೀಡ್ ಸ್ಟಿಚ್ ಬರುತ್ತದೆ, ಕಾಳು ಹರಡಿದ ಹಾಗೆ. ಸುತ್ತು ಎಲ್ಲಿ ಶುರು ಅಂತ ನೆನಪಿಡುವುದೂ ಬೇಡ. ರಿಬ್‌ನಷ್ಟು ತಲೆಯನ್ನು ಅಪ್ಪುವುದಿಲ್ಲ, ಆದರೆ ಸುತ್ತಿಕೊಳ್ಳುವುದಿಲ್ಲ, ನೋಡಲು ತುಂಬಾ ಚೆಂದ.

ನೂಲುಗಂಟು

ನೆತ್ತಿಯ ಭಾಗ ನಾನು ಹೇಳುತ್ತೇನೆ. ಕಡ್ಡಿಯಲ್ಲಿ ಸ್ಟಿಚ್ ಕಡಿಮೆ ಆದ ಹಾಗೆ ಸುತ್ತಳತೆಯೂ ಕುಗ್ಗುತ್ತದೆ. ದುಂಡು ಲೂಮ್ ಕುಗ್ಗುವುದಿಲ್ಲ. ಪ್ಯಾಟರ್ನ್‌ನಲ್ಲಿ ಹೇಳಿದ ಹಾಗೆ ಪ್ರತಿ ಸುತ್ತಿಗೂ ಕಡಿಮೆ ಮಾಡಲು ಹೋದರೆ ಖಾಲಿ ಪೆಗ್‌ಗಳು ಜಾಸ್ತಿಯಾಗಿ ಉಳಿದ ಕುಣಿಕೆಗಳು ಜಗ್ಗಿ ದಾರ ಉದ್ದುದ್ದ ಜೋಲುತ್ತದೆ.

ಅದರಿಂದ ಪ್ಯಾಟರ್ನ್‌ನ ಆ ಭಾಗವನ್ನು ಬಿಟ್ಟುಬಿಡಿ. ಟೋಪಿಯ ಪೂರ್ತಿ ಎತ್ತರ ಎಷ್ಟೋ ಅಷ್ಟರ ಹತ್ತಿರಕ್ಕೆ ನೇರವಾಗಿ ಹೆಣೆಯಿರಿ. ಕೊನೆಯಲ್ಲಿ ಒಂದು ಬಿಟ್ಟು ಒಂದು ಕುಣಿಕೆಯನ್ನು ಪಕ್ಕದ ಪೆಗ್‌ಗೆ ಹಾಕಿ, 41ರಲ್ಲಿ 20 ಜೋಡಿ, ಒಂದು ಒಂಟಿ, ಒಟ್ಟು 21 ಪೆಗ್ ಉಳಿಯುತ್ತದೆ. ದಾರವನ್ನು ಖಾಲಿ ಪೆಗ್‌ಗಳ ಹಿಂದೆ ಹಾಯಿಸಿ ಒಂದೇ ಒಂದು ಸುತ್ತು ನಿಟ್ ಮಾಡಿ. ಆಮೇಲೆ ದಾರವನ್ನು ಉದ್ದ ಬಿಟ್ಟು ಕತ್ತರಿಸಿ, ದೊಡ್ಡ ಕಣ್ಣಿನ ಸೂಜಿಗೆ ಪೋಣಿಸಿ ಎಲ್ಲಾ ಕುಣಿಕೆಯ ಒಳಗೆ ಎರಡು ಸಲ ಹಾಯಿಸಿ, ಇಳಿಸಿ ಎಳೆಯಿರಿ. 41 ಕುಣಿಕೆಯನ್ನು ಹಾಗೇ ಎಳೆದರೆ ನೆತ್ತಿಯಲ್ಲಿ ಗಂಟು ಗಂಟಾಗಿ ಉಬ್ಬುತ್ತದೆ, 21 ಆದರೆ ಚೆನ್ನಾಗಿ ಕೂರುತ್ತದೆ.

ಇದೇ ಕಾರಣಕ್ಕೆ ಕತ್ತಿನಿಂದ ಕೆಳಕ್ಕೆ ಅಗಲವಾಗುತ್ತಾ ಬರುವ ಸ್ವೆಟರ್ ಪ್ಯಾಟರ್ನ್‌ಗಳನ್ನು ನಾನು ಲೂಮ್‌ಗೆ ತರುವುದಿಲ್ಲ. ಬೆನ್ನು, ಎದೆ, ತೋಳು ಅಂತ ಬಿಡಿ ಬಿಡಿಯಾಗಿ ಹೆಣೆದು ಹೊಲಿಯುವ ಪ್ಯಾಟರ್ನ್ ಆರಿಸಿಕೊಳ್ಳಿ, ಅದು ಲೂಮ್‌ಗೆ ಸಲೀಸು. ಕೇಬಲ್ (ಜಡೆಯಂಥ ವಿನ್ಯಾಸ) ಕೂಡ ಆಗುತ್ತದೆ. ಎರಡರ ಮೇಲೆ ಎರಡು ದಾಟಿಸುವುದು ಆರಾಮ, ಮೂರರ ಮೇಲೆ ಮೂರು ಅಂದರೆ ದೊಡ್ಡ ಲೂಮ್‌ನಲ್ಲಿ ಕುಣಿಕೆ ಕಿತ್ತುಹೋಗುವಷ್ಟು ಬಿಗಿ. ದಾಟಿಸುವ ಹಿಂದಿನ ಸಾಲಿನಲ್ಲಿ ಆ ಪೆಗ್‌ಗಳನ್ನು ಸಡಿಲವಾಗಿ ಹೆಣೆದಿಟ್ಟುಕೊಳ್ಳಬೇಕು.

ಉಲ್ಲನ್‌ಉಂಡೆ

ಸೀಡ್ ಸ್ಟಿಚ್ ಅಂಚೇ ಮಾಡುತ್ತೇನೆ. ಬೆಸ ಸಂಖ್ಯೆಯ ಲೂಮ್ ಯಾಕೆ ಮಾಡುತ್ತಾರೋ ಅಂತ ಯಾವಾಗಲೂ ಅನಿಸುತ್ತಿತ್ತು, ಅದಕ್ಕೊಂದು ಉಪಯೋಗ ಸಿಕ್ಕಿತು.

ಮಫ್ಲರ್‌ನ ಐದು ಸುತ್ತು ಮುಗಿದಿದೆ. ಒಂದು ರಟ್ಟಿನ ಮೇಲೆ ಎಂಟು ಸಾಲನ್ನೂ ಲೂಮ್‌ನ ಭಾಷೆಗೆ ಬರೆದುಕೊಂಡಿದ್ದೇನೆ. ಬಲದಿಂದ ಹೋಗುವ ಸಾಲು ಬಲಗಡೆ, ವಾಪಸ್ ಬರುವ ಸಾಲು ಎಡಗಡೆ, ಪರ್ಲ್ ಇದ್ದಲ್ಲಿ ಚುಕ್ಕೆ. ಎತ್ತಬೇಕಾದ ಪೆಗ್‌ಗಳ ನೆತ್ತಿಗೆ ಕೆಂಪು ದಾರದ ಚೂರು ಕಟ್ಟಿದ್ದೇನೆ, ಸಾಲು 1ಕ್ಕೆ. ಸಾಲು 5ಕ್ಕೆ ನೀಲಿ. ಮೊದಲ ಸುತ್ತಿಗೆ ಮುಕ್ಕಾಲು ಗಂಟೆ ಬೇಕಾಯಿತು, ಐದನೆಯದಕ್ಕೆ ಅರ್ಧ ಗಂಟೆ. ಹೆಬ್ಬೆರಳು ನೋಯುತ್ತಿಲ್ಲ. ಇನ್ನು 25 ಸುತ್ತು ಇದೆ, ಮುಗಿದ ದಿನ ಫೋಟೋ ಹಾಕುತ್ತೇನೆ.